ನರ್ಸಬಾಯಿ ನೋಡಿದ ಧಾರಾವಾಹಿ

ಕೈಗಡಿಯಾರದ ಮುಖವನ್ನು ನರ್ಸಬಾಯಿ ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ, ಸೆಕೆಂಡಿನ ಮುಳ್ಳು ಕೆಂಪು. ಟೀವಿಯಲ್ಲಿ ಯಾರಾದರೂ ಸಾಯಲು ಶುರು ಮಾಡಿದರೆ ಸಾಕು, ಅಂಗೈ ಮೇಲೆ ಮಾಡಿ ಆ ಮುಳ್ಳನ್ನು ನೋಡುತ್ತ ಕೂರುವರು.

"ಎರಡು ಮಿನಿಟ್ ಆತು ಬೇಟಾ. ಗುಂಡು ಎದ್ಯಾಗ ಹೊಕ್ಕದ, ಇವ ಇನ್ನಾ ಆಸ್ತಿ ಹಂಚಾಕತ್ತಾನ. ಫೇಲ್."

ಮೂವತ್ತು ವರ್ಷ ಜೇವರ್ಗಿ ಸುತ್ತಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿ, ಕೂಸುಗಳಿಗೆ ಸೂಜಿ ಹಾಕಿ ನಿವೃತ್ತರಾದವರು. ಊರಿಗೆಲ್ಲ ನರ್ಸಬಾಯಿ, ನನಗೆ ಚಿಕ್ಕಮ್ಮನಂಥ ಖಾಲಾ. ನಮ್ಮ ಎದುರು ಮನೆ. ಮಧ್ಯಾಹ್ನ ನನ್ನ ಪಾತ್ರೆ ತೊಳೆಯುವ ಸಪ್ಪಳ ನಿಂತಿತೆಂದರೆ ರಸ್ತೆ ದಾಟಿ ಬರುವರು. ನಮ್ಮ ಅತ್ತೆ ಮಂಚದ ಮೇಲೆ, ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ, ನಾನು ನೆಲಕ್ಕೆ ಕುಳಿತು ತೊಗರಿಬೇಳೆ ಆರಿಸುತ್ತ. ಹೊರಗೆ ವಿಜಯಪುರದ ಕಡೆಯ ಲಾರಿ ಹಾರ್ನ್ ಹೊಡೆದರೆ ಅತ್ತೆ ಟೀವಿಯ ಧ್ವನಿ ಏರಿಸುವರು.

ಅತ್ತೆಗೆ ಎಲ್ಲವೂ ಚೆಂದ. ಕಣ್ಣಿಗೆ ಸೆರಗು ಹಚ್ಚಿಕೊಂಡೇ ನೋಡುವರು. ನರ್ಸಬಾಯಿಗೆ ಯಾವುದೂ ಪಾಸಾಗುತ್ತಿರಲಿಲ್ಲ. ಅಡುಗೆ ಕಾರ್ಯಕ್ರಮ ಬಂದರೆ ಅಡುಗೆ ಬಿಟ್ಟು ಮಾಡುವವಳ ಉಗುರು ನೋಡುವರು. ಸಿನಿಮಾದ ನಾಯಕ ಭುಜಕ್ಕೆ ಗುಂಡು ಬಿದ್ದ ಮೇಲೂ ಹತ್ತು ಜನರನ್ನು ಎತ್ತಿ ಒಗೆದರೆ, "ಆ ತೋಳು ಕುಂಡಿ ತೊಳಕೊಳ್ಳಾಕ ಸುದ್ಧಾ ಏಳಂಗಿಲ್ಲ" ಎನ್ನುವರು. ಧಾರಾವಾಹಿಯಲ್ಲಿ ಹೆರಿಗೆಯಾದರಂತೂ ಕುರ್ಚಿಯ ತುದಿಗೆ ಬಂದುಬಿಡುವರು.

"ನೋಡ್ರಿ, ನೋಡ್ರಿ. ಕತ್ತು ನಿಂತ ಮೂರು ತಿಂಗಳ ಕೂಸು! ಈಗಷ್ಟ ಹುಟ್ಟೇತಂತ. ಅಕೀ ಲಿಪ್‌ಸ್ಟಿಕ್ ಹಂಗ ಅದ."

"ಕಥಿ ಅದ, ಸುಮ್ನ ನೋಡ್ರಿ ನರ್ಸಬಾಯಿ" ಎಂದು ಅತ್ತೆ ರೇಗುವರು. "ನಿಮ್ಮ ಜೋಡಿ ಕುಂತ್ರ ಅಳಾಕೂ ಬಿಡಂಗಿಲ್ಲ."

ಅವರಿಂದ ಪಾಸು ಮಾಡಿಸಿಕೊಂಡದ್ದು ಕಾಡುಪ್ರಾಣಿಗಳ ಕಾರ್ಯಕ್ರಮವೊಂದೇ. "ಜಿಂಕಿ ಸತ್ತರ ಸತ್ತಂಗ ಸಾಯ್ತದ. ಭಾಷಣ ಮಾಡಂಗಿಲ್ಲ."

ನನ್ನ ಕೆಲಸ ಬರೆಯುವುದು. ಅವರ ಕೈ ನಡುಗುತ್ತಿತ್ತು. "ನೀ ಕಾನ್ವೆಂಟ್ ಕಲ್ತಾಕಿ, ಬರಿ" ಎಂದು ಹೇಳಿ ಬರೆಸುವರು. ವಾಹಿನಿಯವರು ಫೋನಿನಲ್ಲಿ ಹಾಕುವ ತುಣುಕುಗಳ ಕೆಳಗೆ ಅವರ ಅಭಿಪ್ರಾಯವನ್ನು ನಾನು ಟೈಪ್ ಮಾಡಬೇಕು. ಅವರು "ಆ ಡೈರೆಕ್ಟರ್ ತನ್ನ ಹೇಂತಿ ಹಡಿಯೋ ಮುಂದ ಎಲ್ಲಿದ್ದ ಅಂತ ಕೇಳು" ಎನ್ನುವರು. ನಾನು "ಹೆರಿಗೆಯ ದೃಶ್ಯ ಇನ್ನಷ್ಟು ಸಹಜವಾಗಿದ್ದರೆ ಚೆನ್ನಾಗಿತ್ತು" ಎಂದು ಬರೆದು, ಕೈಮುಗಿದ ಚಿತ್ರವೊಂದನ್ನು ಅಂಟಿಸುವೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದು ಹಾಗೆ: ಮೊದಲು ಹೊಗಳಿಕೆ, ಆಮೇಲೆ ವಿನಂತಿ, ಕೊನೆಗೆ ಧನ್ಯವಾದ. ಕನ್ನಡಕವಿಲ್ಲದ ಖಾಲಾ ಓದುತ್ತಿರಲಿಲ್ಲ. "ಹಾಕ್ದೇನು?" ಎನ್ನುವರು. "ಹಾಕೇನ್ರಿ ಖಾಲಾ" ಎನ್ನುವೆ. ಅವರಿಗೆ ತೃಪ್ತಿ, ನನಗೆ ಮರ್ಯಾದೆ ಉಳಿಸಿದ ಸಮಾಧಾನ.

ಹೀಗಿರುವಾಗ ಆ ದೃಶ್ಯ ಬಂತು. ನಾಯಕಿಗೆ ತೋಟದಲ್ಲಿ ಹಾವು ಕಚ್ಚುತ್ತದೆ. ನಾಯಕ ಅವಳ ಸೆರಗು ಹರಿದು ಮೀನಖಂಡಕ್ಕೆ ಬಿಗಿದು ಕಟ್ಟುತ್ತಾನೆ, ಚಾಕುವಿನಿಂದ ಗೀರುತ್ತಾನೆ, ಬಾಯಿ ಹಚ್ಚಿ ವಿಷ ಹೀರಿ ಉಗುಳುತ್ತಾನೆ. ಹಾಡು. ನಾಯಕಿ ಕಣ್ಣು ಬಿಡುತ್ತಾಳೆ. ಅತ್ತೆ ಸೆರಗು ಹಚ್ಚಿದರು. ನರ್ಸಬಾಯಿ ಈ ಸಲ ಫೇಲ್ ಎನ್ನಲಿಲ್ಲ. ಎದ್ದು ನಿಂತಿದ್ದರು.

"ಬರಿ ಬೇಟಾ. ಈಗ ಬರಿ. ಕಟ್ಟಬ್ಯಾಡ್ರಿ, ಕೊಯ್ಯಬ್ಯಾಡ್ರಿ, ಹೀರಬ್ಯಾಡ್ರಿ. ಅಲುಗಾಡಿಸದಂಗ ಸೀದಾ ದವಾಖಾನಿಗಿ ಒಯ್ರಿ. ಇದನ್ನ ನೋಡಿ ನಾಳಿ ಯಾರರ ಕಟ್ಟಿದ್ರ ಆ ಕಾಲು ನಿಮ್ಮ ಮನ್ಯಾಗ ತಂದಿಡ್ತೇನಿ ಅಂತ ಬರಿ."

ನಾನು ಬರೆದದ್ದು: "ಹಾವು ಕಚ್ಚಿದಾಗ ಹೀಗೆ ಕಟ್ಟಬಾರದು ಎಂದು ತಿಳಿದವರು ಹೇಳುತ್ತಾರೆ. ಉಳಿದಂತೆ ಸಂಚಿಕೆ ತುಂಬಾ ಚೆನ್ನಾಗಿತ್ತು." ಕೈಮುಗಿದ ಚಿತ್ರ. ನೂರಾರು ಹೃದಯದ ಚಿತ್ರಗಳ ನಡುವೆ ಅದು ಎಲ್ಲಿ ಹೋಯಿತೋ ನನಗೇ ಸಿಗಲಿಲ್ಲ.

ಎರಡು ತಿಂಗಳ ಮೇಲೆ, ಅದೇ ಮಧ್ಯಾಹ್ನದ ಹೊತ್ತು, ಖಾಲಾನ ಮನೆಯೆದುರು ಒಂದು ಟಂಟಂ ಆಟೋ ಬಂದು ನಿಂತಿತು. ಒಳಗೆ ಕೊಳಕೂರು ಹಳ್ಳಿಯ ಒಬ್ಬ ತಾಯಿ, ಅವಳ ತೊಡೆಯ ಮೇಲೆ ಹದಿಮೂರರ ಮಗಳು. ಖಾಲಾನ ಕೈಯಲ್ಲೇ ಹುಟ್ಟಿದ ಹುಡುಗಿ. ಅದಕ್ಕೇ ದವಾಖಾನೆಗೂ ಮೊದಲು ಅವರ ಬಾಗಿಲಿಗೆ ತಂದಿದ್ದರು. ಟೀವಿ ಮುಂದಿದ್ದ ಖಾಲಾ, ನಾನು ಇಬ್ಬರೂ ಓಡಿದೆವು. ಹುಡುಗಿಯ ಬಲಗಾಲಿಗೆ ಗೊಬ್ಬರದ ಚೀಲ ಕಟ್ಟುವ ನೀಲಿ ಪ್ಲಾಸ್ಟಿಕ್ ಹುರಿ. ಅದರ ಕೆಳಗಿನ ಕಾಲು ಬೇರೆ ಯಾರದೋ ಎಂಬಂತೆ ಕಪ್ಪಿಟ್ಟಿತ್ತು.

"ಯಾವಾಗ ಕಟ್ಟೀರಿ?"

"ಮುಂಜಾನಿ ಎಂಟಕ್ಕರೀ ಬಾಯಾರ. ಒಂದೀಟೂ ಸಡಲ ಬಿಟ್ಟಿಲ್ರಿ" ಎಂದಳು ತಾಯಿ. ಮಾತಿನಲ್ಲಿ ಹೆಮ್ಮೆಯಿತ್ತು. "ಟೀವ್ಯಾಗ ತೋರ್ಸಿದಂಗ ಕಟ್ಟೀನ್ರಿ. ಬ್ಲೇಡ್‌ಲೆ ಕೊಯ್ದು ನಾನ ಹೀರೀನ್ರಿ. ಅಕಿ ಎದ್ದು ಕುಂತಿದ್ಲಲ್ರಿ, ಇಕೀನೂ ಏಳ್ತಾಳಂತ ಹಾದಿ ನೋಡಿದ್ವಿ."

ಖಾಲಾ ಅಂಗೈ ಮೇಲೆ ಮಾಡಿದರು. ಮಧ್ಯಾಹ್ನದ ಮೂರು ಗಂಟೆ ಹತ್ತು ನಿಮಿಷವಾಗಿತ್ತು. ನನ್ನಿಂದ ಪೆನ್ನು ಇಸಿದುಕೊಂಡು, ನಡುಗುವ ಕೈಯಲ್ಲೇ ಹುಡುಗಿಯ ತೋಳಿನ ಮೇಲೆ "ಕಟ್ಟಿದ್ದು ೮" ಎಂದು ಬರೆದರು. ಹುರಿಗೆ ಕೈ ಹಾಕಿದ ತಾಯಿಯನ್ನು ತಡೆದರು. "ಈಗ ಇಲ್ಲಿ ಬಿಚ್ಚಂಗಿಲ್ಲ, ಡಾಕ್ಟರ್ ಮುಂದನ ಬಿಚ್ಚಬೇಕು. ನಡೀರಿ." ಚಪ್ಪಲಿ ಇಲ್ಲದೆ ಟಂಟಂ ಹತ್ತಿದರು. ಟೀವಿಯ ಮೇಲೆ ಅಷ್ಟು ಸಿಟ್ಟು ಮಾಡುತ್ತಿದ್ದ ಹೆಂಗಸು ಆ ತಾಯಿಗೆ ಒಂದು ಬಿರುಸು ಮಾತಾಡಲಿಲ್ಲ. "ನಿಂದಲ್ಲ ಬೇ ತಪ್ಪು" ಎಂದು ಬೆನ್ನು ಸವರುತ್ತಲೇ ಕಲಬುರಗಿಯವರೆಗೆ ಹೋದರಂತೆ.

ಹುಡುಗಿ ಉಳಿದಳು. ಕಾಲು ಮೊಣಕಾಲಿನ ಕೆಳಗೆ ಹೋಯಿತು. ಹಾವಿನ ವಿಷ ಅಷ್ಟೇನೂ ಏರಿರಲಿಲ್ಲ ಎಂದರಂತೆ ಡಾಕ್ಟರು. ಕಾಲು ತೆಗೆದದ್ದು ಹಾವಲ್ಲ, ಹುರಿ.

ಊರಿಗೆ ಬಂದವರೇ ಖಾಲಾ ನನ್ನನ್ನು ಕರೆದು ಕೂಡಿಸಿಕೊಂಡರು. "ಫೋನಿನಾಗ ಬ್ಯಾಡ. ಕಾಗದ ಬರಿ, ರಜಿಸ್ಟರ್ ಪೋಸ್ಟ್. ಆ ಭಾಗ ಮತ್ತೊಮ್ಮೆ ತೋರ್ಸಬಾರ್ದು. ಹಿಂಗ ಕಟ್ಟಬ್ಯಾಡ್ರಿ ಅಂತ ಅವರ ಬಾಯಿಲೇನ ಹೇಳ್ಬೇಕು." ಒಂದು ಗಂಟೆ ಹೇಳಿದರು. ಹೇಳುತ್ತ ಅತ್ತರು, ಬೈದರು. ನಾನು ಕರಡು ಮಾಡಿಕೊಂಡು, ಮನೆಗೆ ಹೋಗಿ ದುಂಡಗೆ ಕಾಪಿ ಮಾಡಿ ಕಳಿಸಿದೆ.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ದಪ್ಪ ಲಕೋಟೆ. ಒಳಗೆ ನಾಯಕ ನಾಯಕಿ ನಗುತ್ತ ನಿಂತ ಹೊಳೆಯುವ ಫೋಟೋ, ಕೆಳಗೆ ಇಬ್ಬರ ಸಹಿ. ಜೊತೆಗೊಂದು ಚೀಟಿ: "ನಿಮ್ಮ ಅಭಿಮಾನಕ್ಕೆ ನಾವು ಸದಾ ಋಣಿ. ಹೀಗೆಯೇ ನೋಡುತ್ತಿರಿ, ಹರಸುತ್ತಿರಿ."

ಅತ್ತೆ ಫೋಟೋ ನೋಡಿ ಹಿಗ್ಗಿದರು. ಖಾಲಾ ಮಾತ್ರ ನನ್ನ ಮುಖವನ್ನೇ ನೋಡಿದರು.

"ನೀ ಏನ ಬರ್ದಿದ್ದಿ? ಓದು."

ಕಾಪಿ ನನ್ನ ಬಳಿ ಇತ್ತು. ಓದಿದೆ. ಮಾನ್ಯರೇ, ನಿಮ್ಮ ಜನಪ್ರಿಯ ಧಾರಾವಾಹಿಯನ್ನು ನಮ್ಮ ಮನೆಮಂದಿಯೆಲ್ಲ ಮೆಚ್ಚಿ ನೋಡುತ್ತೇವೆ. ಕಲಾವಿದರ ಅಭಿನಯ ಮನಮುಟ್ಟುವಂತಿದೆ. ಇತ್ತೀಚೆಗೆ ನಮ್ಮ ಭಾಗದಲ್ಲಿ ಒಂದು ಅಹಿತಕರ ಘಟನೆ ನಡೆದುದರಿಂದ, ಇಂತಹ ದೃಶ್ಯಗಳ ಬಗ್ಗೆ ತಾವು ಕೊಂಚ ಗಮನ ಹರಿಸಬೇಕೆಂದು ಕೋರಿಕೆ. ತಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದಗಳು.

ಖಾಲಾ ಕಾಪಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ಇದರಾಗ ಆ ಹುಡುಗೀ ಕಾಲು ಎಲ್ಲಿ ಅದ ಬೇಟಾ?"

ನನಗೆ ಆ ವಾಹಿನಿಯ ಮೇಲೆ ಸಿಟ್ಟಿದೆ, ಓದದೆ ಫೋಟೋ ಕಳಿಸಿದ ಆ ಕೈಯ ಮೇಲೆ ಸಿಟ್ಟಿದೆ. ಆದರೆ ಅವರು ಓದಿದ್ದರೂ ಏನು ಸಿಗುತ್ತಿತ್ತು? ಅಹಿತಕರ ಘಟನೆಯಂತೆ! ಒಂದು ಕಾಲನ್ನು ಎರಡು ಶಬ್ದದಲ್ಲಿ ಮುಚ್ಚಿಟ್ಟು, ಅದರ ಮೇಲೆ ನನ್ನ ದುಂಡಗಿನ ಅಕ್ಷರದ ಹೊದಿಕೆ ಹಾಸಿದವಳು ನಾನು. ಮರ್ಯಾದೆ ಎಂದುಕೊಂಡಿದ್ದೆ. ಅದು ಅಂಜಿಕೆ.

"ಮತ್ತ ಬರಿ. ನಮಸ್ಕಾರ ಬ್ಯಾಡ, ಕಾಲಿನಿಂದ ಸುರು ಮಾಡು" ಎಂದರು. ಮರುದಿನ ಎದುರಿಗೆ ಕುಳಿತು, ಒಂದಕ್ಷರ ತಿದ್ದದೆ, ಬೈಗುಳ ಸಮೇತ ಬರೆದೆ. ವಾಪಸ್ ಓದಿಸಿ ಕೇಳಿ, "ಪಾಸ್" ಎಂದರು. ಅವರ ಬಾಯಲ್ಲಿ ನನಗೆ ಸಿಕ್ಕ ಒಂದೇ ಪಾಸು. ಆ ಕಾಗದಕ್ಕೆ ಉತ್ತರ ಬರಲಿಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಖಾಲಾ ಬಾಗಿಲಿಗೆ ಬರುವರು. ಹಾಗೆ ಮೂರು ತಿಂಗಳು ಕಾದು, ಒಂದು ಮುಂಜಾನೆ ಚಹಾ ಸೋಸುತ್ತಿರುವಾಗಲೇ ಕುಸಿದರು. ಸಾಯುವಾಗ ಭಾಷಣ ಮಾಡಲಿಲ್ಲ.

ಖಾಲಾನ ಮಣ್ಣಿನ ದಿನ ಕೊಳಕೂರಿನ ಹುಡುಗಿ ಕೃತಕ ಕಾಲು ಕಟ್ಟಿಕೊಂಡು ತಾಯಿಯೊಂದಿಗೆ ಬಂದಿದ್ದಳು. ಬಾಗಿಲ ಹೊಸ್ತಿಲು ದಾಟಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ನಾನು ನೋಡಿದೆ.

ಕಳೆದ ವಾರ ಆ ದೃಶ್ಯ ಮತ್ತೆ ನನ್ನ ಫೋನಿಗೆ ಬಂತು, ಹೊಸ ಹಾಡು ಸೇರಿಸಿ. ಸೆರಗು, ಗಂಟು, ಚಾಕು, ಎಲ್ಲ ಹಾಗೆಯೇ. ಕೆಳಗೆ ಸಾವಿರಾರು ಹೃದಯ. ನಾನು ಬರೆದೆ: "ಕೊಳಕೂರಿನ ಒಬ್ಬ ಹುಡುಗಿಗೆ ಮೊಣಕಾಲಿನ ಕೆಳಗೆ ಬಲಗಾಲಿಲ್ಲ. ಇದನ್ನು ನೋಡಿ ಕಟ್ಟಿದರು. ಏಳು ತಾಸು ಕಟ್ಟಿದ್ದರು."

ಯಾರೋ ಕೆಳಗೆ, "ಆಂಟಿ, ಇದು ಬರೀ ಆ್ಯಕ್ಟಿಂಗು, ಕೂಲ್ ಆಗಿ" ಎಂದು ಹಾಕಿದರು. ಕೈಮುಗಿದ ಚಿತ್ರವೂ ಇತ್ತು.

ನಾನು ಅದೇ ಮೂರು ಸಾಲನ್ನು ಮತ್ತೆ ಬರೆದೆ. ಬೇಳೆ ಒಲೆಯ ಮೇಲೆ ಉಕ್ಕುತ್ತಿತ್ತು. ಉಕ್ಕಲಿ ಎಂದು ಇನ್ನೊಮ್ಮೆ ಬರೆದೆ.