ಆಟಿಯಲ್ಲಿ ಜಪಾನಿಗೆ ಹೋದ ಕುಶಾಲಪ್ಪ

ಜಪಾನಿನ ಸುದ್ದಿ ತೆಗೆದರೆ ಫೋಟೋಗ್ರಾಫರ್ ಕುಶಾಲಪ್ಪನಿಗೆ ಆಕಳಿಕೆ ಬರುತ್ತಿತ್ತು. ಸುಳ್ಳಲ್ಲ, ನಾನೇ ಕಂಡಿದ್ದೇನೆ. ಎಪ್ಪತ್ತೊಂಬತ್ತರಿಂದ ಐದು ವರ್ಷ ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಎಂದು ಶಾಲೆ, ಯುವಕ ಮಂಡಲ, ಮಹಿಳಾ ಸಮಾಜಗಳಲ್ಲಿ ಅವನು ತನ್ನ ಪ್ರವಾಸದ ಸ್ಲೈಡ್ ತೋರಿಸುತ್ತಾ ತಿರುಗಿದ. ಕರೆದರೆ ಇಲ್ಲ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಮಿಜಾರಿನಲ್ಲಿ ಮಾಸ್ತರನಾಗಿದ್ದ ನಾನು ಪ್ರೊಜೆಕ್ಟರ್ ಹೊತ್ತುಕೊಂಡು ಹಿಂದೆ ಹಿಂದೆ. ಆಗ ಹೋದ ಬಲಭುಜ ಇನ್ನೂ ಸರಿಯಾಗಿಲ್ಲ.

ಎಲ್ಲ ಕಡೆ ಅದೇ ಚಿತ್ರ, ಅದೇ ಪ್ರಶ್ನೆ. ಹಸಿ ಮೀನಿನ ಸ್ಲೈಡ್ ಬಂದ ಕೂಡಲೇ ಹೆಂಗಸರು "ಅಯ್ಯಬ್ಬ" ಎನ್ನುವರು. "ಹಾವು ತಿಂತಾರಂತೆ, ಹೌದಾ?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿಯೇ ಕೇಳುವ.

"ಹಾವು ನಾನು ನೋಡ್ಲಿಲ್ಲ," ಎಂದು ಕುಶಾಲಪ್ಪ ಪಾಠ ಒಪ್ಪಿಸುವವನ ಹಾಗೆ ಶುರು ಮಾಡುತ್ತಿದ್ದ. "ಹಸಿ ಮೀನು ತಿಂದೆ. ಜೊತೆಗೆ ಒಂದು ಹಸಿರು ಚಟ್ನಿ ಕೊಡ್ತಾರೆ, ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬರ್ತದೆ. ಕುಚ್ಚಲಕ್ಕಿ ಇಲ್ಲ. ಬೆಳ್ತಿಗೆ ಅನ್ನ, ಅಂಟಂಟು. ಉಪ್ಪಿನಲ್ಲಿ ಹಾಕಿಟ್ಟ ಒಂದು ಹುಳಿಹಣ್ಣು ಉಂಟು. ಅದನ್ನು ನೆಂಚಿಕೊಂಡು ಮೂರು ವಾರ ಕಳೆದೆ."

ಆಮೇಲೆ ಹಬ್ಬದ ಚಿತ್ರಗಳು. ಹತ್ತಿಯ ನಿಲುವಂಗಿ ತೊಟ್ಟು ವೃತ್ತವಾಗಿ ಕುಣಿಯುವ ಜನ, ಹೊಳೆಯಲ್ಲಿ ತೇಲಿಬಿಟ್ಟ ಕಾಗದದ ದೀಪಗಳು. "ಇದು ಸತ್ತವರು ಮನೆಗೆ ಬರುವ ಹಬ್ಬ. ನಮ್ಮ ಆಟಿಯ ಹಾಗೆ." ಬಂದು ಏನು ಮಾಡ್ತಾರೆ ಎಂದು ಯಾರಾದರೂ ಕೇಳಿದರೆ, "ಉಣ್ತಾರೆ. ಅದರ ಫೋಟೋ ಇಲ್ಲ" ಎಂದು ಪ್ರೊಜೆಕ್ಟರ್ ಆರಿಸಿಬಿಡುತ್ತಿದ್ದ. ಆ ಇಲ್ಲದ ಫೋಟೋದ ಕತೆಯನ್ನು ಅವನು ಹೇಳಿದ್ದು ನನಗೊಬ್ಬನಿಗೆ.

ನಾವಿಬ್ಬರೂ ಮುಂಡಾಜೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ನಾನು ಭಟ್ಟರ ಮನೆಯವನು, ಅವನು ಗೌಡರ ಮನೆಯವನು. ಮುಂದೆ ಅವನು ವಾಮದಪದವಿನಲ್ಲಿ ಸ್ಟುಡಿಯೋ ಇಟ್ಟ. ಹೆಂಡತಿ ಸರಸ ಪೆನ್ಸಿಲ್ ಹಿಡಿದು ನೆಗೆಟಿವ್ ತಿದ್ದುತ್ತಿದ್ದಳು. ಮೈಲಿಕಲೆಯ ಮುಖವನ್ನೂ ಮದುಮಗಳ ಮುಖ ಮಾಡುವಷ್ಟು ಕೈ ಪಳಗಿತ್ತು. ಎಪ್ಪತ್ತೆಂಟರ ಫೆಬ್ರವರಿಯಲ್ಲಿ ಕಾಮಾಲೆ ಬಂದು ಹದಿನೈದು ದಿನದಲ್ಲಿ ತೀರಿಕೊಂಡಳು. ಮಕ್ಕಳಿರಲಿಲ್ಲ.

ಅದೇ ವರ್ಷ, ಬೊಂಬಾಯಿಯಲ್ಲಿ ಹೋಟೆಲ್ ನಡೆಸುತ್ತಿದ್ದ ನಮ್ಮ ಮಿಜಾರಿನ ಲೋಕನಾಥ ಶೆಟ್ಟರು ಹುಡುಕಿಕೊಂಡು ಬಂದರು. ಜಪಾನಿನ ಊಟ, ಹಬ್ಬಗಳ ಬಗ್ಗೆ ಚಿತ್ರಪುಸ್ತಕ ಮಾಡುವ ಹುಚ್ಚು ಅವರಿಗೆ. ಮಗಳ ಮದುವೆಗೆ ಕುಶಾಲಪ್ಪ ತೆಗೆದ ಫೋಟೋಗಳು ಮೆಚ್ಚಿಗೆಯಾಗಿದ್ದವು. "ಪುಸ್ತಕದಲ್ಲಿ ನಿನ್ನ ಹೆಸರು ಹಾಕ್ತೇನೆ. ಬೊಂಬಾಯಿಯಲ್ಲಿ ಸ್ಟುಡಿಯೋ ಮಾಡಿ ಕೊಡ್ತೇನೆ," ಎಂದರು. ಹೊರಡುವುದು ಮಾತ್ರ ಆಟಿಯಲ್ಲಿ.

ಕುಶಾಲಪ್ಪನ ಮನೆಯಲ್ಲಿ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುತ್ತಾರೆ. ಒಳಕೋಣೆಯಲ್ಲಿ ಬಾಳೆಲೆ ಹಾಕಿ ಕೋಳಿ ಸಾರು, ಕಡುಬು ಬಡಿಸಿ, ಹೆಸರು ಹಿಡಿದು ಕರೆದು, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕುವುದು ಕ್ರಮ. ಸತ್ತವರು ಉಣ್ಣುವುದನ್ನು ಬದುಕಿರುವವರು ನೋಡಬಾರದು. ಅದು ಸರಸ ಹೋದ ಮೇಲಿನ ಮೊದಲ ಆಟಿ.

"ಈ ಸಲ ನೀನೇ ಬಡಿಸ್ಬೇಕು. ಅವಳು ಬಂದು ನಿನ್ನನ್ನು ಕಾಣದೆ ವಾಪಸು ಹೋದ್ರೆ?" ಎಂದಳು ಅಕ್ಕ ಪೂವಮ್ಮ.

"ಒಂದು ವರ್ಷ ನೀನು ಬಡಿಸಕ್ಕ," ಎಂದು ಅವನು ಹೊರಟ. "ಹೋಗು ಮಾರಾಯ, ಇಂಥ ಅವಕಾಶ ಮತ್ತೆ ಸಿಗುದಿಲ್ಲ" ಎಂದು ದೂಡಿದವನು ನಾನೇ. ಆ ಪಶ್ಚಾತ್ತಾಪ ನನಗೆ ಇವತ್ತಿಗೂ ಇದೆ.

ಟೋಕಿಯೋದಿಂದ ದೂರದ ಒಂದು ಹಳ್ಳಿ. ಅಲ್ಲಿಯ ಒಬ್ಬ ಮುದುಕಿಗೆ ಗಂಡ ಸತ್ತ ಮೇಲೆ ಬಂದ ಮೊದಲ ಹಬ್ಬ. ಗಂಡನ ಫೋಟೋದ ಮುಂದೆ ಹಣ್ಣು, ಸಾರು. ಸೌತೆಕಾಯಿಗೆ ಕಡ್ಡಿಯ ಕಾಲು ಚುಚ್ಚಿ ಕುದುರೆ, ಬದನೆಗೆ ಚುಚ್ಚಿ ದನ. ಸತ್ತವನು ಕುದುರೆ ಹತ್ತಿ ಬೇಗ ಬರಲಿ, ಹೋಗುವಾಗ ದನದ ಮೇಲೆ ನಿಧಾನ ಹೋಗಲಿ ಎಂದಂತೆ. ಶೆಟ್ಟರಿಗೆ ಪುಸ್ತಕದ ಮುಖಪುಟಕ್ಕೆ ಈ ಚಿತ್ರವೇ ಬೇಕಿತ್ತು. ಕುಶಾಲಪ್ಪ ಸ್ಟ್ಯಾಂಡ್ ನಿಲ್ಲಿಸಿದ, ಬೆಳಕು ನೋಡಿದ. ಮುದುಕಿ ಅನ್ನದ ಬಟ್ಟಲು ಇಟ್ಟು ಗಂಡನ ಹೆಸರು ಹಿಡಿದು ಕರೆದಳು.

ಕರೆದದ್ದೇ ತಡ, ಕುಶಾಲಪ್ಪ ಕ್ಯಾಮೆರಾ ಎತ್ತಿಕೊಂಡ. ಕೈಸನ್ನೆ ಮಾಡಿ ಮುದುಕಿಯನ್ನೂ ಎಬ್ಬಿಸಿ ಹೊರಗೆ ಕರೆತಂದು, ಕಾಗದದ ಬಾಗಿಲನ್ನು ಎಳೆದು ಮುಚ್ಚಿ, ತಲೆ ತಗ್ಗಿಸಿ ನಿಂತ. ಫೋಟೋದವರ ಪದ್ಧತಿಯೇ ಹೀಗಿರಬೇಕು ಎಂದುಕೊಂಡು ಪಾಪ ಆ ಮುದುಕಿಯೂ ನಿಂತಳು.

"ಎಂಥ ಮಾರಾಯ, ಬಾಗಿಲು ಯಾಕೆ ಹಾಕಿದ್ದು?" ಎಂದರು ಶೆಟ್ಟರು.

"ಬಡಿಸಿ ಆಯ್ತಲ್ಲ ಶೆಟ್ರೆ. ಉಣ್ಲಿ ಅವರು."

ಮಿಜಾರಿನಲ್ಲಿ ಹುಟ್ಟಿದ ಶೆಟ್ಟರಿಗೆ ಇದು ಅರ್ಥವಾಗದ ಮಾತಲ್ಲ. ಆದರೂ, "ಇದು ಜಪಾನು. ಬೆಳಕು ಹೋಗ್ತದೆ, ಒಳಗೆ ಹೋಗಿ ತೆಗಿ," ಎಂದರು.

"ನನ್ನಿಂದ ಆಗುದಿಲ್ಲ ಶೆಟ್ರೆ."

ಮುದುಕಿಗೆ ಕಾದು ಸಾಕಾಯಿತು. ತಾನೇ ಬಾಗಿಲು ಸರಿಸಿ ಒಳಗೆ ಹೋಗಿ, ಗಂಡನ ಫೋಟೋದ ಮುಂದೆ ಕೂತು, ತನ್ನ ಬಟ್ಟಲು ತೆಗೆದುಕೊಂಡು ಅವನೊಡನೆ ಮಾತಾಡುತ್ತಾ ಉಣ್ಣತೊಡಗಿದಳು. ಆ ಮನೆಯ ಕ್ರಮ ಅದು. ಕುಶಾಲಪ್ಪ ಹೊರಗೇ ನಿಂತು ನೋಡಿದನೇ ಹೊರತು ಕ್ಯಾಮೆರಾ ಎತ್ತಲಿಲ್ಲ.

ಮರುವರ್ಷ ಶೆಟ್ಟರು ಬೊಂಬಾಯಿಯ ಇನ್ನೊಬ್ಬನನ್ನು ಕರೆದೊಯ್ದು ಎಲ್ಲವನ್ನೂ ಹೊಸದಾಗಿ ತೆಗೆಸಿದರು. ಪುಸ್ತಕದಲ್ಲಿ ಬಂದದ್ದು ಅವನ ಹೆಸರು. ಕುಶಾಲಪ್ಪನಿಗೆ ಉಳಿದದ್ದು ಒಂದು ಪೆಟ್ಟಿಗೆ ಸ್ಲೈಡು, ಗಲ್ಫಿಗೆ ಹೋಗುವವರ ಪಾಸ್‌ಪೋರ್ಟ್ ಫೋಟೋ.

ಕೇಳಿ ನನ್ನ ಮೈ ಉರಿಯಿತು. "ಒಂದು ಬಟನ್ ಒತ್ತಲಿಕ್ಕೆ ನಿನಗೆಂಥ ದಾಡಿ?" ಎಂದು ಬೈದೆ.

"ಮನೆಯಲ್ಲಿ ನಾನು ಬಡಿಸ್ಲಿಲ್ಲ ಮಾಸ್ಟ್ರೆ. ಅಲ್ಲಿ ಬಾಗಿಲಾದ್ರೂ ಹಾಕುವ ಅಂತ ಕಂಡಿತು."

ಆಮೇಲಿನ ಆಟಿಗಳಲ್ಲಿ ಅವನೇ ಬಡಿಸಿದ. ಎಲ್ಲರ ಜೊತೆ ಹೊರಗೆ ಬಂದು ಮುಚ್ಚಿದ ಬಾಗಿಲನ್ನು ನೋಡುತ್ತಾ ನಿಲ್ಲುತ್ತಿದ್ದ. ಸ್ಲೈಡ್ ತೋರಿಸಿ ಕಡೇ ಬಸ್ಸಿನಲ್ಲಿ ತೂಕಡಿಸುತ್ತಾ ಬರುವಾಗ ಒಮ್ಮೆ ಕೇಳಿದ: "ಮೊದಲ ವರ್ಷ ಕಾಣದೆ ಹೋದವಳು ಮತ್ತೆ ಬರ್ತಾಳಾ ಮಾಸ್ಟ್ರೆ?" ನಾನು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡೆ.

ಎಂಬತ್ತನಾಲ್ಕರ ಆಟಿಗೆ ನನ್ನನ್ನೂ ಕರೆದಿದ್ದ. ಕೋಳಿ ಸಾರಿಗೆ ಹೆದರಿ ನಾನು ಜಗಲಿಯಲ್ಲೇ ಇದ್ದೆ. ಬಡಿಸಿ ಆಯಿತು, ಎಲ್ಲರೂ ಹೊರಗೆ ಬಂದರು, ಕುಶಾಲಪ್ಪ ಬರಲಿಲ್ಲ.

"ಕುಶಾಲಾ, ಬಾ. ಬಾಗಿಲು ಹಾಕ್ಬೇಕು," ಎಂದು ಪೂವಮ್ಮ ಕರೆದಳು.

"ನೀನು ಹಾಕಕ್ಕ. ನಾನು ಇಲ್ಲೇ ಇರ್ತೇನೆ."

"ಮರುಳಾ ನಿನಗೆ? ನೀನು ಕೂತಿದ್ರೆ ಅವಳು ಬರ್ಲಿಕ್ಕುಂಟಾ?"

"ಆವತ್ತು ನಾನು ಇರ್ಲಿಲ್ಲ ಅಂತ ಅಲ್ವಾ ಅಕ್ಕ ಅವಳಿಗೆ ಬೇಸರ?"

ಪೂವಮ್ಮ ನನ್ನ ಮುಖ ನೋಡಿದಳು. ಅವರ ಮನೆಯ ಕ್ರಮದಲ್ಲಿ ಬಾಯಿ ಹಾಕಲು ನಾನು ಯಾರು? ಆದರೂ, "ಹಾಕಿ ಅಕ್ಕ," ಎಂದೆ. ಅವಳು ಸೆರಗಿನಿಂದ ಕಣ್ಣೊರಸಿಕೊಂಡು ಬಾಗಿಲು ಎಳೆದಳು.

ಆಮೇಲೆ ಒಳಗಿನಿಂದ ಕುಶಾಲಪ್ಪನ ಸ್ವರ ಬಂತು: "ಇನ್ನೊಂದು ಕಡುಬು ಹಾಕ್ಲಾ?"

ಸ್ವಲ್ಪ ಬಿಟ್ಟು, ಬೇಡವೆಂದವರನ್ನು ಒತ್ತಾಯ ಮಾಡುವ ಹಾಗೆ, "ಒಂದೇ ಒಂದು, ಸಣ್ಣದು," ಎಂದ.