ದೊರೆಸಾನಮ್ಮನನ್ನು ಕರೆತರಲು ಹೋದ ಪ್ರವಾಸ

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಬೆಂಗಳೂರಿನ ಒಂದು ಕ್ರೈಸ್ತ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಬೇಸಿಗೆ ರಜೆಯಲ್ಲಿ ನಮ್ಮಲ್ಲಿ ಕೆಲವರನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಅಲ್ಲಿನ ಚರ್ಚಿನ ಸಭೆಯವರ ಮನೆಗಳಲ್ಲಿ ಇದ್ದು, ಅವರ ಜೊತೆ ಬೈಬಲ್ ಓದಿ, ಅವರು ನಡೆಸುವ ಆಸ್ಪತ್ರೆ, ಅನಾಥಾಲಯಗಳನ್ನು ನೋಡಿಕೊಂಡು ಬರುವ ಅಧ್ಯಯನ ಪ್ರವಾಸ. ಖರ್ಚೆಲ್ಲ ಅವರದೇ. ಸುದ್ದಿ ದೊಡ್ಡಬಳ್ಳಾಪುರದ ಆಚೆಯ ನಮ್ಮೂರು ಮುಟ್ಟಿದ ಮೇಲೆ ಬಸ್ಸಿನ ಕಂಡಕ್ಟರು ಕೂಡ 'ಏನಮ್ಮಾ, ಲಂಡನ್ನಾ?' ಎಂದು ಕೇಳಿ ನನಗೆ ಸೀಟು ಬಿಡಿಸಿಕೊಟ್ಟ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನಮ್ಮಜ್ಜಿಗೆ ಮಾತ್ರ ಈ ಪ್ರವಾಸದಲ್ಲಿ ಬೈಬಲ್ಲೂ ಕಾಣಲಿಲ್ಲ, ಕಾಲೇಜೂ ಕಾಣಲಿಲ್ಲ. ಅವಳಿಗೆ ಕಂಡದ್ದು ಒಂದೇ. ದೊರೆಸಾನಮ್ಮನವರನ್ನು ಮನೆಗೆ ಕರೆದುಕೊಂಡು ಬರಲು ಕಡೆಗೂ ಒಬ್ಬಳು ಹೊರಟಿದ್ದಾಳೆ.

ಇಂಗ್ಲಿಷ್ ಪಾದ್ರಿಯ ಮಗಳಾದ ದೊರೆಸಾನಮ್ಮ ಹುಟ್ಟಿದ್ದು ನಮ್ಮೂರ ಮಿಷನ್ ಬಂಗಲೆಯಲ್ಲೇ. ಅವರ ತಾಯಿಗೆ ಹಾಲಿರಲಿಲ್ಲ. ಬಂಗಲೆಯ ಆಯಾ ಆಗಿದ್ದ ನಮ್ಮ ಮುತ್ತಜ್ಜಿ ಒಂದು ಮಗ್ಗುಲಲ್ಲಿ ತನ್ನ ಮಗಳನ್ನೂ ಇನ್ನೊಂದು ಮಗ್ಗುಲಲ್ಲಿ ಆ ಬಿಳಿ ಕೂಸನ್ನೂ ಮಲಗಿಸಿಕೊಂಡು ಎದೆಹಾಲು ಕುಡಿಸಿದಳು. ಆ ಮಗಳೇ ನಮ್ಮಜ್ಜಿ. ಇಬ್ಬರೂ ಒಂದೇ ಹಿತ್ತಲಲ್ಲಿ ಮಣ್ಣು ತಿಂದು ಬೆಳೆದವರು. ಆಮೇಲೆ ಇಂಗ್ಲೆಂಡಿಗೆ ಓದಲು ಹೋದ ದೊರೆಸಾನಮ್ಮ ನರ್ಸಾಗಿ ತಿರುಗಿ ಬಂದರು. ಊರಿನ ಅರ್ಧ ಮಕ್ಕಳು ಹುಟ್ಟಿದ್ದು ಅವರ ಕೈಯಲ್ಲಿ, ನಾನೂ ಸೇರಿ. ಅಷ್ಟು ಹೊತ್ತಿಗೆ ಅಜ್ಜಿ ಅದೇ ಬಂಗಲೆಯ ಅಡುಗೆಯವಳಾಗಿದ್ದಳು. ಜನರ ಮುಂದಿರಲಿ, ನಮ್ಮ ಮನೆಯೊಳಗೂ ಅವಳು 'ಅಮ್ಮಾವ್ರು' ಎನ್ನದೆ ಅವರ ಮಾತೆತ್ತಿದವಳಲ್ಲ.

ವಯಸ್ಸಾಯಿತೆಂದು ಮಿಷನ್ನಿನವರು ದೊರೆಸಾನಮ್ಮನಿಗೆ ನಿವೃತ್ತಿ ಕೊಟ್ಟು ಇಂಗ್ಲೆಂಡಿಗೆ ಕಳಿಸಿಬಿಟ್ಟರು. ಅವರಿಗೆ ಮದುವೆಯಾಗಿರಲಿಲ್ಲ, ಅಲ್ಲಿ ಹತ್ತಿರದವರು ಯಾರೂ ಉಳಿದಿರಲಿಲ್ಲ. ಕೆಲವು ವರ್ಷ ಕ್ರಿಸ್‌ಮಸ್ಸಿಗೆ ಕಾರ್ಡು ಬಂತು, ಆಮೇಲೆ ಅದೂ ನಿಂತಿತು. 'ಇಲ್ಲಿ ಹುಟ್ಟಿ ಇಲ್ಲಿ ಬೆಳೆದೋರ್ನ ಆ ಚಳೀಗ್ಯಾಕೆ ತಳ್ಳಿದ್ರು?' ಎಂದು ಅಜ್ಜಿ ಮಿಷನ್ನಿನವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಈಗ ನನ್ನ ತಲೆ ತಿನ್ನತೊಡಗಿದಳು.

'ಮೂಲೆ ಕೋಣೆಗೆ ಸುಣ್ಣ ಹೊಡ್ಸಿದ್ದೀನಿ. ನಾನ್ ನೋಡ್ಕೋತೀನಿ ಅಂತ ಹೇಳು. ಕರ್ಕೊಂಡೇ ಬಾ.'

'ಅಜ್ಜಿ, ಇಂಗ್ಲೆಂಡು ಅಂದ್ರೆ ನೆಲಮಂಗಲ ಅಲ್ಲ. ಎಲ್ಲಿದ್ದಾರೋ ಏನೋ.'

'ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳೇನೇ? ಸಿಕ್ತಾರೆ ಹೋಗು.'

ಇಂಗ್ಲೆಂಡಿನಲ್ಲಿ ಮೇ ತಿಂಗಳಲ್ಲೂ ಹಲ್ಲು ಕಟಕಟ ಎನ್ನುವ ಚಳಿ. ನಮ್ಮನ್ನು ಇಟ್ಟುಕೊಂಡ ಮನೆಯವರು ಒಳ್ಳೆಯವರು, ಆದರೆ ಮೂರು ಹೊತ್ತೂ ಬೇಯಿಸಿದ ಆಲೂಗಡ್ಡೆ. ನನಗೆ ಆಶ್ಚರ್ಯವಾದದ್ದು ಚರ್ಚು ನೋಡಿ. ನಮ್ಮ ಹಳ್ಳಿಗಳಿಗೆ ಯೇಸುವನ್ನು ತಂದುಕೊಟ್ಟವರ ಊರಿನಲ್ಲಿ ಭಾನುವಾರ ಆರಾಧನೆಗೆ ಬಂದಿದ್ದವರನ್ನು ಎರಡು ಜಟಕಾಗಾಡಿಯಲ್ಲಿ ಕೂರಿಸಿಬಿಡಬಹುದಿತ್ತು. ಎಲ್ಲರೂ ತಲೆ ನರೆತವರು. ನಾವು ಹೋಗಿ ಹಾಡಿದ್ದಕ್ಕೆ ಕೆಲವರು ಅತ್ತುಬಿಟ್ಟರು.

ನಮ್ಮ ಜೊತೆ ಬಂದಿದ್ದ ಮೇಷ್ಟರು ತಮಿಳರು, ಬಹಳ ಕಟ್ಟುನಿಟ್ಟು. ದೊರೆಸಾನಮ್ಮನನ್ನು ಹುಡುಕಬೇಕೆಂದಾಗ, ನಾವು ಬಂದಿರುವುದು ಓದಲಿಕ್ಕೆ, ನೆಂಟರ ಮನೆಗಲ್ಲ ಎಂದು ಗದರಿದರು. ನಾನು ಎದೆಹಾಲಿನ ಕಥೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹಳೆಯ ಕಾರ್ಡಿನ ವಿಳಾಸ ನನ್ನಿಂದ ಇಸಿದುಕೊಂಡು ತಾವೇ ನಾಲ್ಕು ಕಡೆ ಫೋನು ಮಾಡಿ ವಿಚಾರಿಸಿದರು. ಪಕ್ಕದ ಊರಿನ ಒಂದು ವೃದ್ಧಾಶ್ರಮದಲ್ಲಿ ಅವರಿದ್ದಾರೆಂದು ಗೊತ್ತಾಯಿತು. ಸಂಜೆ ಮೇಷ್ಟರೇ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು.

ಅಲ್ಲಿನ ಮೇಲ್ವಿಚಾರಣೆಯ ಮೇಟ್ರನ್ ಬಾಗಿಲಲ್ಲೇ ನಮ್ಮನ್ನು ನಿಲ್ಲಿಸಿ ಎಚ್ಚರಿಕೆ ಕೊಟ್ಟರು. ದೊರೆಸಾನಮ್ಮನಿಗೆ ಮರೆವಿನ ಕಾಯಿಲೆ. ವರ್ಷದಿಂದ ಮಾತು ಹೋಗಿದೆ, ಬರಿಯ ಅರ್ಥವಿಲ್ಲದ ಸದ್ದು. ಹಗಲೆಲ್ಲ ಸುಮ್ಮನಿರುತ್ತಾರೆ, ಸಂಜೆ ಕಿಟಕಿಯ ಪರದೆ ಎಳೆಯುತ್ತಿದ್ದಂತೆ ಗಲಾಟೆ ಶುರು. ನಿದ್ದೆ ಮಾತ್ರೆ ಕೊಟ್ಟು ಮಲಗಿಸಬೇಕು.

ನಾವು ಕೋಣೆಗೆ ಕಾಲಿಟ್ಟಾಗ ನರ್ಸೊಬ್ಬಳು ಪರದೆ ಎಳೆಯುತ್ತಿದ್ದಳು. ನನ್ನನ್ನು ಭೂಮಿಗೆ ತಂದ ಆ ದೊಡ್ಡ ಕೈಗಳು ಕುರ್ಚಿಯ ತೋಳು ಹಿಡಿದುಕೊಂಡಿದ್ದವು. ದೊರೆಸಾನಮ್ಮ ಎದ್ದು ನಿಲ್ಲಲು ಒದ್ದಾಡುತ್ತ ಕೂಗಿದರು.

'ಕೋಳಿ ಮುಚ್ಚಿದ್ರಾ? ಲೇ, ಯಾರೂ ಇಲ್ವೇನ್ರೇ? ಮುಂಗುಸಿ ಬತ್ತದೆ, ಕೋಳಿ ಮುಚ್ಚಿದ್ರಾ?'

ನಮ್ಮೂರ ಕನ್ನಡ! ಕತ್ತಲಾಗುವ ಮುಂಚೆ ಕೋಳಿಗಳನ್ನು ಬುಟ್ಟಿಯಡಿ ಮುಚ್ಚುವ ಹೊತ್ತಿಗೆ ಪ್ರತಿ ಮನೆಯ ಹಿತ್ತಲಲ್ಲೂ ಕೇಳುವ ಮಾತು. ನನಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ.

'ಮುಚ್ಚಿದ್ದೀವಿ ಅಮ್ಮಾವ್ರೇ' ಎಂದೆ.

ಅವರು ನನ್ನ ಕಡೆ ತಿರುಗಿದರು. 'ಮರಿಗಳ್ನೂ?'

'ಮರಿಗಳ್ನೂ ಮುಚ್ಚಿದ್ದೀವಿ. ಮೇಲೆ ಕಲ್ಲೂ ಇಟ್ಟಿದ್ದೀವಿ.'

ದೊರೆಸಾನಮ್ಮ ದೊಡ್ಡದಾಗಿ ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ಮೇಟ್ರನ್ ನನ್ನ ತೋಳು ಹಿಡಿದು, ಏನಂದರು, ಏನಂದರು ಎಂದು ಕೇಳಿದರು. ನಾನು ಹೇಳಿದೆ. ಆಕೆ ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟರು. ಒಂದು ವರ್ಷ ಈ ಮುದುಕಿ ಕೋಳಿಗಳ ಬಗ್ಗೆ ಕೇಳುತ್ತಿದ್ದರೆ ನಾವು ಮಾತ್ರೆ ಕೊಟ್ಟೆವಲ್ಲ ಎಂದು ಅವರ ಮುಖ ಸಪ್ಪಗಾಯಿತು. ಅವರ ತಪ್ಪೇನೂ ಇರಲಿಲ್ಲ. ಹಾಲಿನ ಜೊತೆ ಬಂದ ಕನ್ನಡವೊಂದೇ ಉಳಿದು, ಕಲಿತ ಇಂಗ್ಲಿಷು ಹೋಗಿತ್ತು ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಉಳಿದ ದಿನಗಳಲ್ಲಿ ನನ್ನ ಜೊತೆಯವರು ದೊಡ್ಡ ದೊಡ್ಡ ಚರ್ಚುಗಳನ್ನು ನೋಡಿದರು. ಮೇಷ್ಟರು ನನಗೆ ಅದೆಲ್ಲ ಮಾಫಿ ಮಾಡಿದರು. ನಾನು ದೊರೆಸಾನಮ್ಮನ ಪಕ್ಕ ಕೂತು ಹರಟಿದೆ. ವೆಸ್ಟ್ ಇಂಡೀಸ್‌ನಿಂದ ಬಂದಿದ್ದ ಒಬ್ಬ ನರ್ಸು ನನ್ನಿಂದ 'ಮುಚ್ಚಿದ್ದೀವಿ' ಎನ್ನುವುದನ್ನು ಹಟ ಹಿಡಿದು ಕಲಿತಳು. ಸಂಜೆ ಅವಳು ಹಾಗೆಂದರೆ ದೊರೆಸಾನಮ್ಮ ಮಾತ್ರೆ ಇಲ್ಲದೆ ಮಲಗುತ್ತಿದ್ದರು. ಆದರೆ ಬರುಬರುತ್ತ ಅವರಿಗೆ ನಾನು ನಮ್ಮಜ್ಜಿಯಂತೆ ಕಾಣತೊಡಗಿದೆ. ಕೈ ಹಿಡಿದು, 'ಅಕ್ಕ, ಮನೇಗೆ ಹೋಗಾಣ' ಎನ್ನುತ್ತಿದ್ದರು.

ನಾನು ಮೇಟ್ರನ್‌ಗೆ ಅಜ್ಜಿಯ ಮಾತು ತಿಳಿಸಿದೆ. ಅವರು ನಗಲಿಲ್ಲ. ಡಾಕ್ಟರನ್ನು ಕರೆಸಿ ಕೇಳಿದರು. ಆ ಹೃದಯ ವಿಮಾನ ಪ್ರಯಾಣ ತಡೆಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. 'ನಾಳೆ ಹೋಗೋಣ' ಎಂದು ದೊರೆಸಾನಮ್ಮನಿಗೆ ದಿನಾ ಹೇಳಿ, ಒಂದು ದಿನ ನಾನೊಬ್ಬಳೇ ಹೊರಟು ಬಂದೆ.

ಅಜ್ಜಿ ಬಸ್ಸಿನ ಹತ್ತಿರವೇ ಕಾಯುತ್ತಿದ್ದಳು. ನನ್ನ ಹಿಂದೆ ಯಾರೂ ಇಳಿಯದ್ದನ್ನು ನೋಡಿ, ನನ್ನ ಚೀಲ ಎತ್ತಿಕೊಂಡು ಮುಂದೆ ನಡೆದಳು. ಮನೆಗೆ ಬಂದು ಕೋಳಿಯ ಸಂಗತಿ ಹೇಳಿದಾಗ ಸೆರಗು ಬಾಯಿಗಿಟ್ಟು ನಕ್ಕಳು. 'ನಮ್ಮವ್ವ ದಿನಾ ಕೂಗ್ತಿದ್ದಿದ್ದೇ ಅದು!' ಮನೆಗೆ ಹೋಗಾಣ ಎಂದದ್ದನ್ನು ಹೇಳಿದಾಗ ನಗು ನಿಂತಿತು.

'ಬತ್ತೀನಿ ಅಂದೋರ್ನ ಬಿಟ್ಟು ಬಂದ್ಯಾ?'

'ಡಾಕ್ಟ್ರು ಬೇಡ ಅಂದ್ರಜ್ಜಿ. ದಾರೀಲೇ ಪ್ರಾಣ ಹೋಗುತ್ತೆ ಅಂದ್ರು.'

ಅವಳು ಸೆರಗು ಸಿಕ್ಕಿಸಿಕೊಂಡು ಎದ್ದು, 'ಅಂಗಾದ್ರೆ ನಾನೇ ಹೋಗ್ತೀನಿ. ಅದೇನೋ ಪಾಸ್‌ಪೋರ್ಟು ಅಂದ್ಯಲ್ಲ, ನನಗೂ ಒಂದ್ ಮಾಡ್ಸು' ಎಂದಳು.

ನೆಲಮಂಗಲ ದಾಟದವಳು! ನಾವು ತಮಾಷೆ ಎಂದುಕೊಂಡೆವು. ಅವಳು ಮಾರನೆಯ ದಿನವೇ ರೇಷ್ಮೆ ಸೀರೆಯುಟ್ಟು ದೊಡ್ಡಬಳ್ಳಾಪುರದ ಸ್ಟುಡಿಯೋದಲ್ಲಿ ಕೂತು, ಜೀವಮಾನದ ಮೊದಲ ಫೋಟೋ ತೆಗೆಸಿಕೊಂಡಳು. ಹುಟ್ಟಿದ ತಾರೀಖು ಏನು ಬರೆಯಲಿ ಎಂದು ಅಪ್ಪ ಕೇಳಿದರೆ, 'ಅಮ್ಮಾವ್ರಿಗಿಂತ ಒಂದ್ ಬೆಳೆ ಮುಂಚೆ ಹುಟ್ದೋಳು ಅಂತ ಬರಿ' ಎಂದಳು. ಕಟ್ಟುನಿಟ್ಟಿನ ಮೇಷ್ಟರು ಅಲ್ಲಿನ ಸಭೆಗೆ ಟಿಕೆಟ್ಟಿನ ವಿಷಯ ಬರೆದೂ ಬಿಟ್ಟರು.

ಸಭೆಯವರ ಉತ್ತರಕ್ಕೆ ಮುಂಚೆ ಮೇಟ್ರನ್‌ರ ಕಾಗದ ಬಂತು. ದೊರೆಸಾನಮ್ಮ ನಿದ್ದೆಯಲ್ಲೇ ತೀರಿಕೊಂಡಿದ್ದರು.

ಅಜ್ಜಿ ಅಳಲಿಲ್ಲ. ಚಾಪೆಯ ಮೇಲೆ ಕಾಲು ಚಾಚಿ ಕೂತವಳು ಏಳಲೂ ಇಲ್ಲ. ಸಂಜೆಗೆ ನಮ್ಮ ಚರ್ಚಿನ ಅಯ್ಯನವರು ಪ್ರಾರ್ಥನೆ ಮಾಡಲು ಬಂದರು. ಅಪ್ಪ ಕುರ್ಚಿ ಹಾಕಿದರು. ಅಯ್ಯನವರು ಬೈಬಲ್ ತೆರೆದು, 'ದುಃಖ ಪಡಬೇಡಿ ಅಜ್ಜಿ. ಅವರು ಪರಲೋಕದ ಮನೆಗೆ ಸೇರಿದ್ದಾರೆ' ಎಂದರು.

'ಅದಿರ್ಲಿ ಅಯ್ನೋರೇ' ಎಂದಳು ಅಜ್ಜಿ. 'ನನ್ ತಂಗಿ ಈ ಮನೇಗೆ ಬತ್ತೀನಿ ಅಂದಿದ್ಲು. ಯಾರೂ ಕರ್ಕೊಂಡ್ ಬರ್ಲಿಲ್ಲ ಅವಳನ್ನ.'

ಅಮ್ಮಾವ್ರು ಎಂಬ ಮಾತನ್ನು ಬಿಟ್ಟು ಅವಳು ತಂಗಿ ಎಂದದ್ದನ್ನು ನಮ್ಮಲ್ಲಿ ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಆಮೇಲೆ ಅವಳು ಎದೆ ಬಡಿದುಕೊಂಡು, ಒಡಹುಟ್ಟಿದವಳನ್ನು ಕಳೆದುಕೊಂಡ ನಮ್ಮೂರ ಹೆಂಗಸರು ಅಳುವ ಹಾಗೆ ದನಿ ತೆಗೆದು ಅತ್ತಳು. ಅಯ್ಯನವರು ಬೈಬಲ್ ಮಡಿಸಿಟ್ಟು, ಕುರ್ಚಿ ಬಿಟ್ಟು ಇಳಿದು, ಚಾಪೆಯ ಮೇಲೆ ಅವಳ ಪಕ್ಕದಲ್ಲಿ ಕೂತರು.