ಮಾವ ಬೆನ್ನು ತಿರುಗಿಸಿ ಕೂತದ್ದು

ಅರವತ್ತರ ದಶಕದ ಮೊದಲಿಗೆ, ಧಾರವಾಡದ ಕಡೆಯ ಹಳ್ಳಿಯಿಂದ ಮದುವೆಯಾಗಿ ದಾಂಡೇಲಿಗೆ ಬಂದಾಗ, ನನಗೆ ಗೊತ್ತಿದ್ದ ವಾಹನವೆಂದರೆ ಚಕ್ಕಡಿ. ಎತ್ತಿಗಾದರೂ ಕಣ್ಣಿರುತ್ತದೆ, ಎದುರಿಗೆ ಮನುಷ್ಯ ಬಂದರೆ ತಾನೇ ನಿಲ್ಲುತ್ತದೆ. ಇಲ್ಲಿ ಕಾಗದದ ಕಾರ್ಖಾನೆಗೆ ಬಿದಿರು ಹೊತ್ತ ಲಾರಿಗಳು ಒಂದರ ಬೆನ್ನಿಗೆ ಒಂದು ಬರುತ್ತಿದ್ದವು. ನಮ್ಮ ಮನೆ ರಸ್ತೆಯ ಈಚೆ, ನೀರಿನ ನಳ ಆಚೆ. ನಳದ ಪಕ್ಕಕ್ಕೇ ಒಂದು ಸೈಕಲ್ ಅಂಗಡಿ. ಅದರ ಮುಂದಿನ ಬೆಂಚಿನ ಮೇಲೆ ನನ್ನ ಮಾವ.

ಹೊಲವನ್ನು ತಮ್ಮನಿಗೆ ಬಿಟ್ಟು ಮಗನ ಮನೆಗೆ ಬಂದಿದ್ದ ಅವರಿಗೆ ಲಾರಿ ನೋಡುವುದೇ ಹೊತ್ತು ಕಳೆಯುವ ದಾರಿ. ಮಾವನೆದುರು ಸೊಸೆ ಮುಖ ಮುಚ್ಚುವಷ್ಟು ಸೆರಗು ಎಳೆದುಕೊಳ್ಳಬೇಕು, ಮಾತಾಡಬಾರದು. ಅದು ನಮ್ಮಲ್ಲಿಯ ಪದ್ಧತಿ. ಕಂಕುಳಲ್ಲಿ ಕೊಡ, ಹಲ್ಲಲ್ಲಿ ಸೆರಗಿನ ಅಂಚು, ಕಣ್ಣಿಗೆ ಕಾಣುವುದು ನನ್ನ ಕಾಲ್ಬೆರಳು ಮಾತ್ರ. ಹಾಗೆಯೇ ರಸ್ತೆ ದಾಟುತ್ತಿದ್ದೆ.

ಒಂದು ಬೆಳಿಗ್ಗೆ ಲಾರಿಯೊಂದು ನನ್ನ ಮೈಗೆ ತಾಗುವಷ್ಟು ಹತ್ತಿರ ಕಿರ್ರೆಂದು ನಿಂತಿತು. ಕೊಡ ಉರುಳಿತು. "ಏ ತಂಗಿ, ಕಣ್ಣ ಮನ್ಯಾಗ ಇಟ್ಟ ಬಂದೀಯೇನ?" ಎಂದು ಡ್ರೈವರ್ ಕೂಗಿದ. ನಾಚಿಕೆಯಿಂದ ನಾನು ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ. ನೋಡಿ ನನ್ನ ಬುದ್ಧಿ!

ಮರುದಿನ ಮಾವ ರಸ್ತೆಗೆ ಬೆನ್ನು ಮಾಡಿ, ಅಂಗಡಿಯ ಗೋಡೆ ನೋಡುತ್ತ ಕೂತಿದ್ದರು. ಸಿಟ್ಟಾಗಿದ್ದಾರೆಂದುಕೊಂಡೆ. ಸೈಕಲ್ ಅಂಗಡಿ ನಡೆಸುತ್ತಿದ್ದ ಸಾಹೇಬರು ನಳದ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಸಿಟ್ಟಲ್ಲವ್ವಾ. 'ನಾ ಗ್ವಾಡಿ ಕಡೆ ಮಾರಿ ಮಾಡಿ ಕುಂತ್ರ ಸೊಸಿ ಸೆರಗ ಸರಿಸಿ ದಾರಿ ನೋಡ್ತಾಳ' ಅಂದ್ರು ನಿಮ್ಮ ಮಾವ. ಎರಡೂ ಕಡೆ ನೋಡಿ ಆರಾಮ ದಾಟು."

ಅಂದಿನಿಂದ ನಾನು ಸೆರಗು ಹಿಂದಕ್ಕೆ ಸರಿಸಿ, ಬಲಕ್ಕೆ ಎಡಕ್ಕೆ ನೋಡಿ, ರಾಣಿಯ ಹಾಗೆ ದಾಟಿದೆ. ಅವರು ಮಾತ್ರ ವರ್ಷಗಟ್ಟಲೆ ಗೋಡೆಗೆ ತೂಗುಹಾಕಿದ ಹಳೆಯ ಟಯರು ನೋಡುತ್ತ ಕೂತರು. ಲಾರಿಯ ಸದ್ದು ಕೇಳಿದಾಗಲೆಲ್ಲ ಅವರ ಕುತ್ತಿಗೆ ಸ್ವಲ್ಪ ಹೊರಳುತ್ತಿತ್ತು, ಮತ್ತೆ ಗೋಡೆಯ ಕಡೆಗೆ ಹೋಗುತ್ತಿತ್ತು. ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. 'ಈ ಕಡೆ ತಿರುಗ್ರಿ ಮಾವಾ, ಸೆರಗ ಸರಿಸಿನೇ ದಾಟ್ತೇನಿ' ಎನ್ನುವ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂತು. ಗಂಡನ ಮೂಲಕ ಹೇಳಿಸಲು ನೋಡಿದರೆ, "ಹಿರ್ಯಾರಿಗೆ ನಾವು ಬುದ್ಧಿ ಹೇಳೂದೇನ? ಸುಮ್ನಿರು" ಎಂದರು. ಸುಡಲಿ ಆ ಪದ್ಧತಿ!

ಮಾವ ತೀರಿಕೊಂಡ ದಿನ, ಬಾಯಿಗೆ ನೀರು ಬಿಡಲು ನನ್ನನ್ನೂ ಕರೆದರು. ಬಾಗಿದಾಗ ಸೆರಗು ಜಾರಿತು, ಯಾರೂ ಏನೂ ಅನ್ನಲಿಲ್ಲ. ಅವರ ಮುಖವನ್ನು ನಾನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಹುಬ್ಬಿನ ಮೇಲೊಂದು ಹಳೆಯ ಗಾಯದ ಗುರುತು, ಮಗುವಿನಂಥ ಬಾಯಿ. ಈ ಮುಖಕ್ಕೆ ಹೆದರಿ ನಾನು ಲಾರಿಯ ಕೆಳಗೆ ಹೋಗಲಿದ್ದೆ.